ಶುಗರ್ ಲೋ ಆದಾಗ ಮಾಂಸಖಂಡಕ್ಕೇನು ಕೆಲಸ?

ಬದಿಯಡ್ಕ, ಪೆರ್ಲದ ಕಡೆ ಏಕಾದಶಿಗೆ ಉಪವಾಸ ಇರುವವರಿದ್ದಾರೆ, ರಂಜಾನಿಗೆ ಇರುವವರೂ ಇದ್ದಾರೆ. ಶುಗರಿನ ಮಾತ್ರೆ ನುಂಗುವವರು ಎರಡೂ ಕಡೆ ಸಿಗುತ್ತಾರೆ. ಕೈ ನಡುಗಿ ಮೈಯೆಲ್ಲ ಬೆವರಿದರೆ ‘ಲೋ ಆಯ್ತು’ ಅಂತ ಮನೆಯವರು ಬೆಲ್ಲ ತರಲು ಓಡುತ್ತಾರೆ. ಆದರೆ ಶುಗರ್ ಇಲ್ಲದವರು ದಿನವಿಡೀ ಉಣ್ಣದಿದ್ದರೂ ಹೀಗಾಗುವುದಿಲ್ಲ, ಅಲ್ವಾ? ಅವರ ರಕ್ತಕ್ಕೆ ಸಕ್ಕರೆ ಎಲ್ಲಿಂದ ಬರುತ್ತದೆ?

ಅರ್ಧ ಉತ್ತರ 1857ರಲ್ಲೇ ಸಿಕ್ಕಿತ್ತು. ಪ್ಯಾರಿಸ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಲಿವರಿನಿಂದ ಗ್ಲೈಕೋಜನ್ ಬೇರ್ಪಡಿಸಿದರು. ಅದು ಸಕ್ಕರೆಯ ದಾಸ್ತಾನು. ಆದರೆ ಲಿವರಿನಲ್ಲಿರುವುದು ಸುಮಾರು 100 ಗ್ರಾಂ. ಮೆದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಲೆಕ್ಕ ಕೂಡುವುದಿಲ್ಲ.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿದ ಮೇಲೆ ಎಲ್ಲರ ಕಣ್ಣು ಸಕ್ಕರೆ ಇಳಿಸುವುದರ ಮೇಲೇ. ಏರಿಸುವ ಹಾರ್ಮೋನು ಗ್ಲುಕಗಾನಿಗೆ 1923ರಲ್ಲೇ ಹೆಸರು ಬಿತ್ತು. ಆದರೂ ಬಹಳ ಕಾಲ ಅದನ್ನು ಇನ್ಸುಲಿನ್ನಿಗೆ ಬೆರೆತ ಕಸ ಅಂತಲೇ ನೋಡಿದರು. ನನಗೆ ಹೆಚ್ಚು ಹಿಡಿಸುವುದು 1940ರ ಪ್ರಯೋಗ. ಉಪವಾಸ ಕೆಡವಿದ ಇಲಿಗಳಿಗೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಹೊರಪದರದ ಸಾರ ಕೊಟ್ಟರು. ಲಿವರಿನಲ್ಲಿ ಗ್ಲೈಕೋಜನ್ ಏರಿತು, ಜೊತೆಗೆ ಮೂತ್ರದಲ್ಲಿ ನೈಟ್ರೋಜನ್ ಕೂಡ. ನೈಟ್ರೋಜನ್ ಜಾಸ್ತಿ ಹೋಗುತ್ತಿದೆ ಅಂದರೆ ಪ್ರೋಟೀನ್ ಕರಗುತ್ತಿದೆ.

ಕರಗಿದ್ದು ಲಿವರಿಗೆ ಹೋಗುವುದು ಹೇಗೆ ಅನ್ನುವುದು ತಿಳಿದದ್ದು 1970ರ ಹೊತ್ತಿಗೆ. ಫಿಲಿಪ್ ಫೆಲಿಗ್, ಜಾರ್ಜ್ ಕಾಹಿಲ್ ಮೊದಲಾದವರು ಉಪವಾಸವಿದ್ದವರ ರಕ್ತವನ್ನು ಅಳೆದರು. ಮಾಂಸಖಂಡದಿಂದ ಅಲನೈನ್ ಅನ್ನುವ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಬಿಡಿ ಇಟ್ಟಿಗೆಗಳಲ್ಲೊಂದು) ಧಾರಾಳವಾಗಿ ಹೊರಬರುತ್ತಿತ್ತು, ಪ್ರೋಟೀನಿನಲ್ಲಿ ಅದರ ಪಾಲಿಗಿಂತ ಎಷ್ಟೋ ಹೆಚ್ಚು. ಬೇರೆ ಅಮೈನೋ ಆಮ್ಲಗಳ ನೈಟ್ರೋಜನ್ನನ್ನೂ ಅದೇ ಹೊತ್ತುಕೊಂಡು ಬರುತ್ತದೆ. ಲಿವರ್ ಆ ನೈಟ್ರೋಜನ್ ಕಳಚಿ ಯೂರಿಯಾ ಮಾಡುತ್ತದೆ, ಉಳಿದದ್ದರಿಂದ ಗ್ಲೂಕೋಸ್.

ಇದೆಲ್ಲ ಹಾರ್ಮೋನುಗಳ ಹಿಡಿತದಲ್ಲಿದೆ. ಇನ್ಸುಲಿನ್ ಇಳಿದರೆ ಮಾಂಸಖಂಡ ಅಮೈನೋ ಆಮ್ಲ ಬಿಡುತ್ತದೆ. ಅದೇ ಅಡ್ರಿನಲ್ ಹೊರಪದರದ ಹಾರ್ಮೋನು ಕಾರ್ಟಿಸೋಲ್ ಇನ್ನಷ್ಟು ಬಿಡಿಸುತ್ತದೆ. ಗ್ಲುಕಗಾನ್ ಅದನ್ನು ಲಿವರಿನೊಳಗೆ ಎಳೆಸುತ್ತದೆ. ಉಪವಾಸ ವಾರಗಟ್ಟಲೆ ಮುಂದುವರಿದರೆ ಮೆದುಳು ಕೊಬ್ಬಿನಿಂದಾದ ಕೀಟೋನ್ ಬಳಸುತ್ತದೆ, ಮಾಂಸಖಂಡ ಅಷ್ಟರಮಟ್ಟಿಗೆ ಉಳಿಯುತ್ತದೆ.

ಚುಚ್ಚಿಕೊಂಡ ಇನ್ಸುಲಿನ್‌ನಿಂದಲೋ ಮೈಯಲ್ಲೇ ಇನ್ಸುಲಿನ್ ಸುರಿಸುವ ಗ್ಲಿಮೆಪಿರೈಡ್ ಮಾತ್ರೆಯಿಂದಲೋ ಲೋ ಆದಾಗ ಕತೆ ಬೇರೆ. ಇನ್ಸುಲಿನ್ ಇನ್ನೂ ರಕ್ತದಲ್ಲಿರುತ್ತದೆ, ಈ ದಾರಿಯನ್ನೇ ತಡೆಯುತ್ತದೆ. ಕಾರ್ಟಿಸೋಲಿನ ಪರಿಣಾಮಕ್ಕೆ ಗಂಟೆಗಳು ಬೇಕು. ಆಗ ಮೊಟ್ಟೆ, ಕಡಲೆ ತಿನ್ನಿಸುತ್ತಾ ಕೂರಬಾರದು. 15 ಗ್ರಾಂನಷ್ಟು, ಅಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಏರಿದ ಮೇಲೆ ಗಂಜಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ.