ಅಡಿಕೆ ಕಳ್ಳನಿಗೆ ಈಡು ಹೊಡೆಯಬಹುದೇ?

ಅಡಿಕೆ ಕೊಯ್ಲು ಶುರುವಾದರೆ ಸಾಕು, ನಮ್ಮ ಮಲೆನಾಡಿನ ವಕೀಲರ ಕಚೇರಿಗಳಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ವಕೀಲ್ರೇ, ರಾತ್ರಿ ಅಂಗಳಕ್ಕೆ ಕಳ್ಳ ನುಗ್ಗಿದ್ರೆ ಈಡು ಹೊಡೀಬಹುದಾ?" ಕೇಳುವವರು ಪುಂಡರಲ್ಲ, ಒಂಟಿ ಮನೆಯವರು. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ. ಪಕ್ಕದ ಮನೆ ಅಂದರೆ ಗುಡ್ಡದಾಚೆ. ವರ್ಷದ ದುಡಿಮೆಯೆಲ್ಲ ಅಂಗಳದಲ್ಲಿ ಒಣಗುತ್ತಿರುತ್ತದೆ. ಅವರ ಭಯ ನಿಜವಾದದ್ದು. ಹಾಗಾಗಿ ಉತ್ತರವನ್ನೂ ಬಿಡಿಸಿ ಹೇಳಬೇಕು.

ಅಂಗಳದ ಅಡಿಕೆ ಕದ್ದ ಎಂಬ ಒಂದೇ ಕಾರಣಕ್ಕೆ ಒಬ್ಬನ ಪ್ರಾಣ ತೆಗೆಯುವ ಹಕ್ಕನ್ನು ಕಾನೂನು ಯಾರಿಗೂ ಕೊಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಗೆ ಸೇರಿದವು. ಹಳೆಯ ಐಪಿಸಿಯಲ್ಲಿ ಇವೇ 96ರಿಂದ 106 ಆಗಿದ್ದವು, ತಿರುಳು ಬದಲಾಗಿಲ್ಲ. ಕಳ್ಳನನ್ನು ತಡೆಯಬಹುದು, ಹಿಡಿದು ಕಟ್ಟಿಹಾಕಬಹುದು, ಅದಕ್ಕೆ ಬೇಕಾದಷ್ಟು ಬಲ ಬಳಸಬಹುದು. ಆಸ್ತಿ ಉಳಿಸಿಕೊಳ್ಳಲು ಪ್ರಾಣ ತೆಗೆಯುವವರೆಗೆ ಹೋಗಬೇಕಾದರೆ ಸೆಕ್ಷನ್ 41 ಹೇಳುವ ಸಂದರ್ಭವೇ ಆಗಿರಬೇಕು. ಸುಲಿಗೆ, ಕತ್ತಲಾದ ಮೇಲೆ ಮನೆಗೆ ಕನ್ನ, ವಾಸದ ಮನೆಗೆ ಬೆಂಕಿ. ಬರೀ ಕಳ್ಳತನ ಆಗಿದ್ದರೆ, ಸುಮ್ಮನಿದ್ದರೆ ಜೀವ ಹೋಗುತ್ತದೆ ಅಥವಾ ತೀವ್ರ ಗಾಯವಾಗುತ್ತದೆ ಎಂದು ಹೆದರಲು ಸರಿಯಾದ ಕಾರಣ ಇರಬೇಕು.

ಕತ್ತಿ ಹಿಡಿದು, ಬಾಗಿಲು ಮುರಿದು ಒಳಗೆ ಬಂದವನ ಮೇಲೆ ಹಾರಿಸಿದರೆ ನಾನು ಕೋರ್ಟಿನಲ್ಲಿ ಧೈರ್ಯವಾಗಿ ವಾದಿಸಬಲ್ಲೆ. ಮೂಟೆ ಹೊತ್ತು ತೋಟದ ಕಡೆ ಓಡುತ್ತಿದ್ದವನ ಮೇಲೆ ಹಾರಿಸಿದರೆ ವಾದಿಸಲು ಏನು ಉಳಿಯುತ್ತದೆ? ಗುಂಡು ಬೆನ್ನಿಗೆ ಬಿದ್ದಿದೆ ಎಂದು ಪೋಸ್ಟ್‌ಮಾರ್ಟಂ ವರದಿಯಲ್ಲಿ ಬರೆದಿರುತ್ತದೆ. ಅದನ್ನು ಯಾವ ವಕೀಲನೂ ಅಳಿಸಲಾರ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಇದು ಆತ್ಮರಕ್ಷಣೆ ಎಂದು ತೋರಿಸಿಕೊಡುವ ಹೊಣೆ ಗುಂಡು ಹಾರಿಸಿದವರ ಮೇಲೇ ಬೀಳುತ್ತದೆ. ಕೋರ್ಟುಗಳು ಈ ವಿಷಯದಲ್ಲಿ ಕಠಿಣವಾಗಿಲ್ಲ. ಪ್ರಾಣಭಯದಲ್ಲಿರುವವನ ಪ್ರತಿ ನಡೆಯನ್ನೂ ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂಬ ಮಾತು ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪಂಜಾಬಿನ ಒಂದು ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಜಮೀನಿನ ಜಗಳದಲ್ಲಿ ತಂದೆಯ ತಲೆಗೆ ಪೆಟ್ಟು ಬಿದ್ದಾಗ ಮಗ ಲೈಸೆನ್ಸ್ ಇದ್ದ ಕೋವಿಯಿಂದ ಗುಂಡು ಹಾರಿಸಿದ್ದ. ಕೆಳ ಕೋರ್ಟು ಬಿಡುಗಡೆ ಮಾಡಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. ಕೊನೆಗೆ ಸುಪ್ರೀಂ ಕೋರ್ಟು ಇದು ಆತ್ಮರಕ್ಷಣೆಯೇ ಎಂದು ಬಿಡುಗಡೆ ಮಾಡಿತು. ಘಟನೆ ನಡೆದದ್ದು 1991ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2010ರಲ್ಲಿ. ಗೆದ್ದವರ ಕಥೆಯೇ ಇದು! ಕೋವಿ ಕೊಳ್ಳಲು ಹೊರಟವರಿಗೆ ನಾನು ಈ ಎರಡು ಇಸವಿಗಳನ್ನು ತಪ್ಪದೆ ಹೇಳುತ್ತೇನೆ.

ಹಾಗಾದರೆ ಕೋವಿಯೇ ಬೇಡವೇ? ಒಂಟಿ ಮನೆಯವರಿಗೆ ನಾನು ಹಾಗೆ ಹೇಳುವುದಿಲ್ಲ. ಪೊಲೀಸ್ ಜೀಪು ಬರಲು ಗಂಟೆ ಹಿಡಿಯುವ ಜಾಗದಲ್ಲಿ ಇರುವವರ ಕಷ್ಟವನ್ನು ಕಾನೂನೂ ಒಪ್ಪುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13 ಓದಿದರೆ ಇದು ಗೊತ್ತಾಗುತ್ತದೆ. ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ ಮಾಮೂಲಿ ಉದ್ದ ಕೋವಿಗೆ ರಕ್ಷಣೆಯ ಕಾರಣ ಕೊಟ್ಟು ಅರ್ಜಿ ಹಾಕಬಹುದು. ಬೆಳೆ ಕಾಯಲು ಕೇಪಿನ ಕೋವಿಗೆ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ, ಹಾಕಬಹುದು. ನಿರಾಕರಿಸಲು ಬೇರೆ ಕಾರಣ ಇಲ್ಲದಿದ್ದರೆ ಇಂಥವಕ್ಕೆ ಲೈಸೆನ್ಸ್ ಕೊಡಬೇಕು ಎಂಬುದು ಕಾಯ್ದೆಯ ಧಾಟಿ. ಪಿಸ್ತೂಲು, ರಿವಾಲ್ವರ್ ಬೇಕೆಂದರೆ ಹಾಗಲ್ಲ. 'ತಕ್ಕ ಕಾರಣ ಇದೆ' ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ಜಿಲ್ಲೆಗಳಲ್ಲಿ ಆ ಅಧಿಕಾರಿ ಡಿಸಿ, ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ ಪೊಲೀಸ್ ಕಮಿಷನರ್. ಕಾನೂನು ಇಟ್ಟಿರುವ ಈ ವ್ಯತ್ಯಾಸ ಸರಿಯಾಗಿದೆ ಎಂದು ನನ್ನ ನಂಬಿಕೆ. ಉದ್ದ ಕೋವಿ ಮನೆ ಕಾಯುತ್ತದೆ. ಸೊಂಟದ ಪಿಸ್ತೂಲು ಪಾರ್ಕಿಂಗ್ ಜಗಳಕ್ಕೂ, ಮದುವೆ ಮನೆಗೂ ಜೊತೆಯಲ್ಲೇ ಬರುತ್ತದೆ. ಮದುವೆ, ಮೆರವಣಿಗೆಯಲ್ಲಿ ಖುಷಿಗೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು ಎಂದು 2019ರ ತಿದ್ದುಪಡಿಯಲ್ಲಿ ಸೇರಿಸಬೇಕಾಗಿ ಬಂತು.

"ಕೇಡಿಗಳ ಹತ್ತಿರ ಕಂಟ್ರಿ ಪಿಸ್ತೂಲು ಇರುವಾಗ ನಾವೇಕೆ ಬರಿಗೈಯಲ್ಲಿರಬೇಕು?" ಪಟ್ಟಣದವರು ಕೇಳುವ ಪ್ರಶ್ನೆ ಇದು. ಧಾರವಾಡದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ಅವರ ಮನೆಯೆದುರೇ ಕೊಂದರು. ಹೊಂಚು ಹಾಕಿ ಬಂದವನು ಎದುರಿನವರಿಗೆ ಕೈ ಎತ್ತಲೂ ಸಮಯ ಕೊಡುವುದಿಲ್ಲ. ಬೀರುವಿನಲ್ಲಿಯೋ ಬ್ಯಾಗಿನಲ್ಲಿಯೋ ಇರುವ ಪಿಸ್ತೂಲು ಆಗ ಯಾರನ್ನು ಉಳಿಸೀತು? ಅಕ್ರಮ ಪಿಸ್ತೂಲು ಬರುವ ದಾರಿಯನ್ನು ಪೊಲೀಸರು ಮುಚ್ಚಬೇಕು, ಅದಕ್ಕಾಗಿ ನಾವು ಒತ್ತಾಯಿಸಬೇಕು. ನಮ್ಮಲ್ಲಿ ಕೋವಿ ಇಟ್ಟುಕೊಳ್ಳುವುದು ಅಮೆರಿಕದ ಹಾಗೆ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 2023ರಲ್ಲೂ ನೆನಪಿಸಿದ್ದು ಉತ್ತರ ಪ್ರದೇಶದ ಒಂದು ಅಕ್ರಮ ಬಂದೂಕಿನ ಕೇಸಿನಲ್ಲೇ.

ಕೊಡಗಿನ ಮಾತು ಇಲ್ಲಿ ಬಂದೇ ಬರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಅಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೆ) ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ನಮ್ಮ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಆಗುತ್ತದೆ. ಹುಟ್ಟಿಗೂ ಸಾವಿಗೂ ಈಡು ಹಾರುತ್ತದೆ. ಕೋವಿ ಹೇಗೆ ಹಿಡಿಯಬೇಕು, ಯಾವಾಗ ಮುಟ್ಟಬಾರದು ಎಂದು ಹಿರಿಯರು ಚಿಕ್ಕಂದಿನಿಂದಲೇ ಕಲಿಸುತ್ತಾರೆ. ಅರ್ಜಿ ಹಾಕಿ ಅಂಗಡಿಯಿಂದ ತಂದವರಿಗೆ ಈ ಕಲಿಕೆ ಎಲ್ಲಿಂದ ಬರಬೇಕು? 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತಾ ತರಬೇತಿ ಇದೆ. ಅದನ್ನು ದಯವಿಟ್ಟು ಸುಮ್ನೆ ಒಂದು ಸರ್ಟಿಫಿಕೇಟ್ ಎಂದುಕೊಳ್ಳಬೇಡಿ, ನಿಜವಾಗಿ ಕಲಿಯಿರಿ.

ಲೈಸೆನ್ಸ್ ಒಬ್ಬರ ಹೆಸರಿನದು, ಮನೆಯದಲ್ಲ. ಅಪ್ಪನ ಕೋವಿ ಹಿಡಿದು ಮಗ ಒಬ್ಬನೇ ಹಂದಿ ಕಾಯಲು ಹೋದರೆ ಕೇಸಾಗಬಹುದು. ಅಪ್ಪ ತೀರಿಕೊಂಡ ಮೇಲೆ ಕೋವಿಯನ್ನು ಅಟ್ಟದ ಮೇಲಿಟ್ಟು ಮರೆಯುವ ಮನೆಗಳು ಜಾಸ್ತಿ. ಲೈಸೆನ್ಸ್ ಇಲ್ಲದ ಕೋವಿ ಅದು. ತಡಮಾಡದೆ ಠಾಣೆಯಲ್ಲೋ ಡೀಲರ್ ಬಳಿಯೋ ಠೇವಣಿ ಇಟ್ಟು, ಆಮೇಲೆ ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು.

ಕೊನೆಯದಾಗಿ ಮನೆಯ ಹೆಂಗಸರಿಗೆ ಒಂದು ಮಾತು. ಗಂಡನೋ ಮಗನೋ ಸಾಲದ ಚಿಂತೆಯಲ್ಲಿ ಮಂಕಾಗಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಮನೆಯಲ್ಲಿ ದಿನಾ ಜಗಳ ನಡೆಯುತ್ತಿದ್ದರೆ, ಕೋವಿಯನ್ನು ಕೆಲವು ತಿಂಗಳಾದರೂ ಮನೆಯಿಂದ ಹೊರಗಿಡಿಸಿ. ಅದನ್ನು ನೀವೇ ಹೊತ್ತುಕೊಂಡು ಹೋಗಬೇಡಿ. ಲೈಸೆನ್ಸುದಾರರನ್ನೇ ಒಪ್ಪಿಸಿ ಠೇವಣಿ ಇಡಿಸಿ, ರಸೀದಿ ತೆಗೆದುಕೊಳ್ಳಿ. ಅವರು ಒಪ್ಪದಿದ್ದರೆ ಠಾಣೆಗೆ ತಿಳಿಸಿ. ಮಾನ ಹೋಗುತ್ತದೆ ಎಂದು ಹಿಂಜರಿಯಬೇಡಿ.