ಎಲ್ಲವನ್ನೂ ಬಿಡಬೇಕಾ, ಎಲ್ಲದರಲ್ಲೂ ಹದ ಇರಬೇಕಾ?

ಪ್ರಶ್ನೆ: ನಾನು ದಿನಾ ಪ್ರಾರ್ಥನೆ ಮಾಡುತ್ತೇನೆ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ಕೈಲಾದಷ್ಟು ಕೊಡುತ್ತೇನೆ. ಉಳಿದ ಸಮಯ ಕೆಲಸಕ್ಕೆ, ಮನೆಗೆ. ಆದರೆ ನನ್ನ ಗೆಳೆಯರೊಬ್ಬರು ಇದನ್ನು ‘ಉಗುರುಬೆಚ್ಚಗಿನ ನಂಬಿಕೆ’ ಅನ್ನುತ್ತಾರೆ. ಯೇಸು ಕೇಳುವುದು ಎಲ್ಲವನ್ನೂ, ಅರ್ಧಂಬರ್ಧ ಅಲ್ಲ ಅಂತಾರೆ. ಮನೆಯವರು ಮಾತ್ರ ‘ಅತಿಯಾದರೆ ಅಮೃತವೂ ವಿಷ’ ಅಂತಾರೆ. ಯಾರ ಮಾತು ಸರಿ?

ಉತ್ತರ: ಮೊದಲು ನಿಮ್ಮ ಗೆಳೆಯರ ಮಾತನ್ನೇ ತೆಗೆದುಕೊಳ್ಳೋಣ. ಅದನ್ನು ಸುಲಭವಾಗಿ ತಳ್ಳಿಹಾಕುವ ಹಾಗಿಲ್ಲ.

ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ದೊಡ್ಡ ಗುಂಪೊಂದು ಯೇಸುವಿನ ಹಿಂದೆ ಹೋಗುತ್ತಿದೆ. ಬೇರೆ ಯಾರಾದರೂ ಆಗಿದ್ದರೆ ಜನ ಸೇರಿದ್ದಕ್ಕೆ ಖುಷಿಪಡುತ್ತಿದ್ದರು. ಯೇಸು ತಿರುಗಿ ನಿಂತು, ತಂದೆ ತಾಯಿಯನ್ನು, ಹೆಂಡತಿ ಮಕ್ಕಳನ್ನು, ತನ್ನ ಪ್ರಾಣವನ್ನೂ ಹಗೆಮಾಡದವನು ನನ್ನ ಶಿಷ್ಯನಾಗಲಾರ ಅನ್ನುತ್ತಾರೆ. ಇಲ್ಲಿ ‘ಹಗೆ’ ಅಂದರೆ ದ್ವೇಷ ಅಲ್ಲ. ಒಂದನ್ನು ಇನ್ನೊಂದಕ್ಕಿಂತ ಕಡಿಮೆ ಪ್ರೀತಿಸುವುದಕ್ಕೆ ಯೆಹೂದ್ಯರ ಮಾತಿನಲ್ಲಿ ಹೀಗೆ ಹೇಳುವ ರೂಢಿ ಇತ್ತು. ಮತ್ತಾಯ 10ರಲ್ಲಿ ಇದೇ ಮಾತು ‘ನನಗಿಂತ ಹೆಚ್ಚಾಗಿ’ ಪ್ರೀತಿಸುವವನು ಅಂತ ಬಂದಿದೆ. ಹಾಗಂತ ಮಾತಿನ ಭಾರ ಇಳಿಯುವುದಿಲ್ಲ. ನೇಗಿಲಿಗೆ ಕೈ ಹಾಕಿ ಹಿಂದೆ ನೋಡಬೇಡ ಅಂತ ಹೇಳಿದವರೂ ಇವರೇ. ಅತಿ ದೊಡ್ಡ ಆಜ್ಞೆ ಯಾವುದು ಅಂತ ಕೇಳಿದಾಗ, ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಬುದ್ಧಿಯಿಂದ ದೇವರನ್ನು ಪ್ರೀತಿಸು ಅಂದರು. ಮುಕ್ಕಾಲು ಹೃದಯ ಸಾಕು ಅಂತ ಎಲ್ಲೂ ಇಲ್ಲ.

ಆದ್ದರಿಂದ ಜೀವನವನ್ನು ಪಾಲು ಮಾಡಿ, ಕೆಲಸಕ್ಕೆ ಇಷ್ಟು, ಮನೆಗೆ ಇಷ್ಟು, ದೇವರಿಗೆ ಇಷ್ಟು ಅಂತ ಹಂಚುವುದನ್ನು ‘ಸಮತೋಲನ’ ಅನ್ನುವುದಾದರೆ, ಸುವಾರ್ತೆಯಲ್ಲಿ ಅದಕ್ಕೆ ಜಾಗ ಇಲ್ಲ. ಇದನ್ನು ಮುಲಾಜಿಲ್ಲದೆ ಹೇಳಬೇಕು. ದೇವರು ಆ ಹಂಚಿಕೆಯಲ್ಲಿ ಒಬ್ಬ ಪಾಲುದಾರ ಅಲ್ಲ.

ಆದರೆ ನಿಮ್ಮ ಗೆಳೆಯರು ಒಂದು ಕಡೆ ಎಡವಿದ್ದಾರೆ ಅನ್ನಿಸುತ್ತದೆ. ‘ಉಗುರುಬೆಚ್ಚಗೆ’ ಅನ್ನುವ ಮಾತು ಬರುವುದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 3ನೇ ಅಧ್ಯಾಯದಲ್ಲಿ, ಲವೊದಿಕೀಯದ ಸಭೆಗೆ ಬರೆದ ಪತ್ರದಲ್ಲಿ. ಇಂದಿನ ಟರ್ಕಿಯಲ್ಲಿ ಆ ಊರಿನ ಅವಶೇಷಗಳಿವೆ. ಹತ್ತಿರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಇನ್ನೊಂದು ಕಡೆ ಕೊಲೊಸ್ಸೆಯಲ್ಲಿ ಒಳ್ಳೆಯ ತಣ್ಣೀರು ಸಿಗುತ್ತಿತ್ತು. ಲವೊದಿಕೀಯಕ್ಕೆ ದೂರದಿಂದ ಕೊಳವೆಯಲ್ಲಿ ನೀರು ಬರಬೇಕಿತ್ತು. ಹೀಗಾಗಿ ಅನೇಕ ವಿದ್ವಾಂಸರು ಈ ವಚನವನ್ನು ಬೇರೆ ರೀತಿ ಓದುತ್ತಾರೆ. ಬಿಸಿನೀರು ಮೈನೋವಿಗೆ ಒಳ್ಳೆಯದು, ತಣ್ಣೀರು ದಾಹಕ್ಕೆ ಒಳ್ಳೆಯದು, ಉಗುರುಬೆಚ್ಚಗಿನದು ಯಾವುದಕ್ಕೂ ಬಾರದು ಅಂತ. ಮುಂದಿನ ವಾಕ್ಯ ನೋಡಿದರೆ ಆ ಸಭೆಯ ರೋಗ ಏನು ಅಂತ ಗೊತ್ತಾಗುತ್ತದೆ. ‘ನಾನು ಐಶ್ವರ್ಯವಂತ, ನನಗೆ ಏನೂ ಕೊರತೆಯಿಲ್ಲ’ ಅನ್ನುತ್ತಿದ್ದರು ಅವರು. ಕ್ರಿ.ಶ. 60ರ ಸುಮಾರಿಗೆ ಭೂಕಂಪದಲ್ಲಿ ಊರು ಬಿದ್ದಾಗ ರೋಮಿನ ನೆರವಿಲ್ಲದೆ ತಮ್ಮದೇ ಹಣದಿಂದ ಮತ್ತೆ ಕಟ್ಟಿಕೊಂಡ ಊರು ಅದು. ದೇವರ ಹಂಗೂ ಬೇಡ ಅನ್ನುವ ಮಟ್ಟಕ್ಕೆ ತೃಪ್ತಿ ಬೆಳೆದಿತ್ತು. ಸಭೆಯಲ್ಲಿ ಎಷ್ಟು ಗಂಟೆ ಕೂತಿರಿ ಅಂತ ಲೆಕ್ಕ ಹಾಕಿ ಈ ರೋಗವನ್ನು ಪತ್ತೆ ಹಚ್ಚಲು ಆಗುವುದಿಲ್ಲ.

ಇನ್ನು ‘ಎಲ್ಲವನ್ನೂ’ ಅನ್ನುವ ಮಾತಿಗೆ ಬರೋಣ. ನನಗೆ ಅತ್ಯಂತ ಇಷ್ಟವಾದ ವಿಷಯ ಇದು. ಯೇಸು ಎಲ್ಲರಿಗೂ ಒಂದೇ ಅಚ್ಚಿನ ಉತ್ತರ ಕೊಡಲಿಲ್ಲ.

ಒಬ್ಬ ಐಶ್ವರ್ಯವಂತನಿಗೆ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು, ಆಮೇಲೆ ಬಾ ಅಂದರು. ಅವನು ದುಃಖಪಟ್ಟು ಹೊರಟುಹೋದ. ಸುಮಾರು 270ರಲ್ಲಿ ಈಜಿಪ್ಟಿನ ಆಂತೋನಿ ಅನ್ನುವ ಯುವಕ ಅದೇ ಮಾತನ್ನು ದೇವಾಲಯದಲ್ಲಿ ಕೇಳಿ, ತನಗೇ ಹೇಳಿದ್ದು ಅಂದುಕೊಂಡು, ಆಸ್ತಿ ಬಿಟ್ಟ, ಮುಂದೆ ಮರುಭೂಮಿಗೆ ಹೋದ. ಸರಿ. ಆದರೆ ಸುಂಕ ವಸೂಲಿಗಾರರ ಮುಖ್ಯಸ್ಥ ಜಕ್ಕಾಯ ಅರ್ಧ ಆಸ್ತಿ ಕೊಡುತ್ತೇನೆ, ಮೋಸ ಮಾಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದಾಗ, ಉಳಿದ ಅರ್ಧ ಎಲ್ಲಿ ಅಂತ ಯೇಸು ಕೇಳಲಿಲ್ಲ. ಈ ಮನೆಗೆ ಇವತ್ತು ರಕ್ಷಣೆಯಾಯಿತು ಅಂದರು. ತಮ್ಮ ಸ್ನೇಹಿತರಾದ ಮಾರ್ಥ, ಮರಿಯ, ಲಾಜರ ಅನ್ನುವ ಒಡಹುಟ್ಟಿದವರಿಗೆ ಮನೆ ಮಾರಲು ಹೇಳಲೇ ಇಲ್ಲ. ಆ ಮನೆಯಲ್ಲಿ ಊಟಕ್ಕೆ ಕೂತರು.

ಇವರೆಲ್ಲರಿಗಿಂತ ನನ್ನ ಮನಸ್ಸಿನಲ್ಲಿ ಉಳಿದವನು ಮಾರ್ಕ 5ರಲ್ಲಿ ಬರುವ ಮನುಷ್ಯ. ಸಮಾಧಿಗಳ ನಡುವೆ ಕೂಗಾಡುತ್ತಾ, ಕಲ್ಲಿನಿಂದ ಮೈ ಗಾಯ ಮಾಡಿಕೊಳ್ಳುತ್ತಿದ್ದವನು. ವಾಸಿಯಾದ ಮೇಲೆ ಅವನು ನಿಮ್ಮ ಜೊತೆಗೇ ಬರುತ್ತೇನೆ ಅಂತ ಬೇಡಿಕೊಂಡ. ಎಲ್ಲವನ್ನೂ ಬಿಡಲು ಅವನು ಸಿದ್ಧನಿದ್ದ. ಯೇಸು ಬೇಡ ಅಂದರು. ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು, ಕರ್ತನು ನಿನಗೆ ಮಾಡಿದ್ದನ್ನು ಹೇಳು ಅಂದರು. ಯೋಚಿಸಿ ನೋಡಿ. ಅವನು ಹುಚ್ಚನಾಗಿ ಅಲೆದಿದ್ದನ್ನು ಕಂಡ ಊರದು. ದೋಣಿ ಹತ್ತಿ ಹೋಗುವುದೇ ಅವನಿಗೆ ಸುಲಭ ಇತ್ತು, ಅಲ್ವಾ? ಮೀನುಗಾರನಾಗಿದ್ದ ಶಿಷ್ಯ ಪೇತ್ರನಿಗೆ ಬಲೆ ಬಿಡುವುದು ವಿಧೇಯತೆಯಾದರೆ, ಇವನಿಗೆ ಮನೆಗೆ ಹೋಗುವುದೇ ವಿಧೇಯತೆ. ಇಬ್ಬರೂ ಕೊಟ್ಟದ್ದು ಪೂರ್ತಿ ಜೀವನವನ್ನೇ.

ಹಾಗಾದರೆ ಮನೆಯವರು ಹೇಳುವ ಹದ ಎಲ್ಲಿ ಬರುತ್ತದೆ? 13ನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ಊಟ, ಕೋಪ, ಧೈರ್ಯ ಇವುಗಳಲ್ಲಿ ಒಂದು ಮಧ್ಯದ ಹದ ಇದೆ. ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು. ದೇವರ ಮೇಲಿನ ಪ್ರೀತಿಗೆ ಅಂಥ ಅಳತೆ ಇಲ್ಲ. ದೇವರನ್ನು ಜಾಸ್ತಿ ಪ್ರೀತಿಸಿಬಿಟ್ಟೆ ಅನ್ನಲು ಯಾರಿಗೂ ಆಗುವುದಿಲ್ಲ. ಆದರೆ ಆ ಪ್ರೀತಿ ತೋರಿಸಲು ನಾವು ಮಾಡುವ ಉಪವಾಸಕ್ಕೆ, ಜಾಗರಣೆಗೆ, ದುಡಿಮೆಗೆ ಅಳತೆ ಬೇಕು. ನಮ್ಮ ದೇಹಕ್ಕೆ, ಪರಿಸ್ಥಿತಿಗೆ ಒಂದು ಮಿತಿ ಇದೆಯಲ್ಲ.

12ನೇ ಶತಮಾನದ ಮಠಾಧಿಪತಿ ಬರ್ನಾರ್ಡ್ ದೇವರನ್ನು ಅಳತೆಯಿಲ್ಲದೆ ಪ್ರೀತಿಸಬೇಕು ಅಂದವರು. ಅದೇ ಬರ್ನಾರ್ಡ್ ಅತಿಯಾದ ಉಪವಾಸದಿಂದ ಹೊಟ್ಟೆ ಕೆಡಿಸಿಕೊಂಡು, ಬಿಷಪರೊಬ್ಬರು ಮಧ್ಯೆ ಬಂದು ಒಂದು ವರ್ಷ ಮಠದ ಹೊಣೆ ಬಿಡಿಸಿ ಬೇರೆ ಗುಡಿಸಲಿನಲ್ಲಿ ಇರಿಸಬೇಕಾಯಿತು. ಅವರ ಪ್ರೀತಿ ಹೆಚ್ಚಾಗಿರಲಿಲ್ಲ, ಉಪವಾಸ ಹೆಚ್ಚಾಗಿತ್ತು. 6ನೇ ಶತಮಾನದಲ್ಲಿ ಮಠಗಳಿಗೆ ನಿಯಮ ಬರೆದ ಬೆನೆಡಿಕ್ಟ್ ಇದನ್ನು ಅರಿತಿದ್ದರು. ಬಲವುಳ್ಳವರಿಗೆ ಇನ್ನೂ ಮುಂದೆ ಹೋಗುವ ಆಸೆ ಉಳಿಯಬೇಕು, ಬಲವಿಲ್ಲದವರು ಹೆದರಿ ಓಡಿಹೋಗಬಾರದು, ಹಾಗೆ ಎಲ್ಲವನ್ನೂ ಹದಮಾಡು ಅಂತ ಮಠಾಧಿಪತಿಗೆ ಹೇಳಿದರು. ಸರ್ವಸ್ವವನ್ನೂ ಬಿಟ್ಟು ಬಂದವರಿಗೇ ಬರೆದ ನಿಯಮ ಅದು!

ಇನ್ನೊಂದು ಮಾತು, ಸ್ವಲ್ಪ ನೋವಿನದು. ಮಾರ್ಕ 7ರಲ್ಲಿ ‘ಕೊರ್ಬಾನ್’ ಅನ್ನುವ ಪದ ಬರುತ್ತದೆ. ಇದು ದೇವರಿಗೆ ಮೀಸಲು ಅಂತ ಹೇಳಿ, ಮುಪ್ಪಾದ ತಂದೆ ತಾಯಿಗೆ ಕೊಡಬೇಕಾದ್ದನ್ನು ತಪ್ಪಿಸುತ್ತಿದ್ದರು. ಯೇಸುವಿಗೆ ಸಿಟ್ಟು ಬಂತು. ನಾನೂ ಒಂದು ಕಾಲದಲ್ಲಿ ವಾರಕ್ಕೆ ಐದು ಸಂಜೆ ಪ್ರಾರ್ಥನೆ ಕೂಟಗಳಲ್ಲಿ ಇರುತ್ತಿದ್ದೆ. ನನ್ನ ಪಾಲಿನ ಮನೆಕೆಲಸ, ಕಾಯಿಲೆ ಬಿದ್ದ ತಾಯಿಯ ಆರೈಕೆ ಎಲ್ಲ ತಂಗಿಯ ಮೇಲೆ ಬಿತ್ತು. ನಾನು ಅದನ್ನು ತ್ಯಾಗ ಅಂದುಕೊಂಡಿದ್ದೆ. ತ್ಯಾಗ ಮಾಡಿದ್ದು ಅವಳು. ಅವಳ ಹತ್ತಿರ ಕ್ಷಮೆ ಕೇಳಲು ನನಗೆ ವರ್ಷಗಳೇ ಬೇಕಾದವು. ಅಂದಿನಿಂದ ಯಾರಾದರೂ ‘ಪೂರ್ತಿ ಸಮರ್ಪಣೆ’ ಅಂದಾಗ, ಅದರ ಬೆಲೆ ಯಾರು ತೆರುತ್ತಿದ್ದಾರೆ ಅಂತ ನೋಡುತ್ತೇನೆ.

ಮನೆಯವರ ಮಾತಿಗೂ ಒಂದು ಅಪಾಯ ಇದೆ. ‘ಹದ’ ಅನ್ನುವುದು ಸುಮ್ನೆ ಆರಾಮಿಗೆ ಇಟ್ಟ ಒಳ್ಳೆಯ ಹೆಸರಾಗಿಬಿಡಬಹುದು. 18ನೇ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ತಮ್ಮ ಪ್ರಸಂಗವೊಂದರಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಹೇಳುತ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಆಮೇಲೆ 90 ಬಂದಾಗ 62 ಕೊಟ್ಟ. ಆ ಯುವಕ ವೆಸ್ಲಿಯೇ ಅಂತ ಹೆಚ್ಚಿನವರು ನಂಬುತ್ತಾರೆ. ಹೊರಗಿನಿಂದ ನೋಡಿದರೆ ಅವನ ಬದುಕಿನಲ್ಲಿ ಏನೂ ಬದಲಾಗಿಲ್ಲ, ಅದೇ ಖರ್ಚು, ಅದೇ ದಿನಚರಿ. ಮರುಭೂಮಿ ಇಲ್ಲ, ಗುಡಿಸಲಿಲ್ಲ. ಆದರೆ ಸಂಬಳ ಏರಿದಂತೆ ಬೇಕುಗಳೂ ಏರುವ ನಮಗೆ ಆ ಲೆಕ್ಕ ಚುಚ್ಚದೆ ಬಿಡುವುದಿಲ್ಲ.

ನಿಮ್ಮ ಪ್ರಾರ್ಥನೆ, ಆರಾಧನೆ, ಕಾಣಿಕೆ ಎಲ್ಲ ಒಳ್ಳೆಯದೇ. ಅವುಗಳ ಸಮಯ ಹೆಚ್ಚಿಸಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಉಳಿದ ಸಮಯ’ ಅನ್ನುವ ಎರಡು ಪದ. ಈ ವಾರ ಆ ಉಳಿದ ಸಮಯದ ಬಗ್ಗೆಯೇ ಪ್ರಾರ್ಥಿಸಿ. ಕೆಲಸದ ಜಾಗದಲ್ಲಿ ನೀವು ಹೇಳಲು ಹೆದರುವ ಸತ್ಯ, ಕ್ಷಮಿಸದೆ ಇಟ್ಟುಕೊಂಡ ಒಬ್ಬ ವ್ಯಕ್ತಿ, ಯಾರಿಗೂ ತೋರಿಸದ ಬ್ಯಾಂಕ್ ಪಾಸ್‌ಬುಕ್, ಇವನ್ನು ದೇವರ ಮುಂದೆ ಇಡಿ. ಆಮೇಲೆ ಮನೆಯವರನ್ನು ಕೇಳಿ, ನಾನು ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ನಿಮ್ಮ ಜೊತೆ ಹೇಗಿರುತ್ತೇನೆ ಅಂತ. ಅವರು ಹೇಳುವುದನ್ನು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.