ಕೆಲಸ ಹೋದವನ ಭತ್ಯೆ, ತೆಗೆದವನ ತೆರಿಗೆ

ಅಮೆರಿಕದಲ್ಲಿ ಯಾರಾದರೂ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರೆ ಅವರ ಹಳೇ ಕಂಪನಿಗೆ ರಾಜ್ಯ ಸರ್ಕಾರದಿಂದ ಒಂದು ನೋಟಿಸ್ ಹೋಗುತ್ತದೆ. ಇವರು ನಿಮ್ಮಲ್ಲಿ ಕೆಲಸಕ್ಕಿದ್ದರಾ, ಕೆಲಸ ಬಿಟ್ಟಿದ್ದು ಯಾಕೆ ಅಂತ. ಉತ್ತರ ಕೊಡಲು ಸಿಗುವುದು ಕೆಲವೇ ದಿನ. ಎಷ್ಟೋ ಕಂಪನಿಗಳು ಈ ಕೆಲಸಕ್ಕೆಂದೇ ಹೊರಗಿನ ಏಜೆನ್ಸಿ ಇಟ್ಟುಕೊಂಡಿವೆ. ಹೊರಗೆ ಕಳಿಸಿದವನ ಬಗ್ಗೆ ಇಷ್ಟೊಂದು ಆಸಕ್ತಿ ಯಾಕೆ? ಅವನಿಗೆ ಸಿಗುವ ಭತ್ಯೆ ಮುಂದಿನ ವರ್ಷಗಳಲ್ಲಿ ಕಂಪನಿಯ ತೆರಿಗೆಯ ಮೇಲೆ ಬಂದು ಕೂರುತ್ತದೆ, ಅದಕ್ಕೆ.

ಈ ಏರ್ಪಾಡಿನ ತವರು ವಿಸ್ಕಾನ್ಸಿನ್ ರಾಜ್ಯ. 1911ರಲ್ಲಿ ಅಲ್ಲಿ ಕಾರ್ಮಿಕರ ಅಪಘಾತ ಪರಿಹಾರದ ಕಾನೂನು ಬಂತು. ಕಾರ್ಖಾನೆಯಲ್ಲಿ ಕೈ ಹೋದರೆ ಮಾಲೀಕನೇ ದುಡ್ಡು ಬಿಚ್ಚಬೇಕು ಅಂತಾದರೆ ಅವನೇ ಯಂತ್ರಕ್ಕೆ ರಕ್ಷಣೆ ಹಾಕಿಸುತ್ತಾನೆ, ಅಲ್ವಾ? ಇದನ್ನು ಹತ್ತಿರದಿಂದ ಕಂಡ ಅರ್ಥಶಾಸ್ತ್ರಜ್ಞ ಜಾನ್ ಆರ್. ಕಾಮನ್ಸ್, ಕೆಲಸದಿಂದ ತೆಗೆಯುವುದಕ್ಕೂ ಇದೇ ಲೆಕ್ಕ ಹಚ್ಚಿದರು. ತೆಗೆದರೆ ಖರ್ಚು ಬೀಳುತ್ತದೆ ಅಂತಾದರೆ ಮಾಲೀಕರು ಸುಮ್ನೆ ಜನರನ್ನು ಮನೆಗೆ ಕಳಿಸಲಾರರು. 1921ರಲ್ಲಿ ಈ ಮಸೂದೆ ಮಂಡನೆಯಾಯಿತು, ಪಾಸಾಗಲಿಲ್ಲ. ಕೊನೆಗೆ ಆರ್ಥಿಕ ಮಹಾ ಕುಸಿತದ ನಡುವೆ, 1932ರ ಜನವರಿಯಲ್ಲಿ, ಗವರ್ನರ್ ಫಿಲಿಪ್ ಲಾ ಫೋಲೆಟ್ ಅಮೆರಿಕದ ಮೊದಲ ನಿರುದ್ಯೋಗ ಪರಿಹಾರ ಕಾನೂನಿಗೆ ಸಹಿ ಹಾಕಿದರು. ಅದರಲ್ಲಿ ಪ್ರತಿ ಮಾಲೀಕನಿಗೂ ಅವನದೇ ಒಂದು ಖಾತೆ. ಮೊದಲ ಚೆಕ್ 1936ರ ಆಗಸ್ಟ್‌ನಲ್ಲಿ ಮ್ಯಾಡಿಸನ್ ಊರಿನವರೊಬ್ಬರ ಕೈ ಸೇರಿತು. ಮೊತ್ತ 15 ಡಾಲರ್.

ಇದನ್ನು ಒಪ್ಪದವರೂ ಇದ್ದರು. ಓಹಿಯೋ ರಾಜ್ಯದವರ ಯೋಜನೆಯಲ್ಲಿ ಎಲ್ಲರ ದುಡ್ಡೂ ಒಂದೇ ನಿಧಿಗೆ. ದೇಶದ ವ್ಯಾಪಾರವೇ ಮಲಗಿದಾಗ ಒಬ್ಬ ಮಾಲೀಕ ಏನು ಮಾಡಿಯಾನು ಎಂಬುದು ಆ ಕಡೆಯ ವಾದ. ನನಗಂತೂ ಈ ವಾದದಲ್ಲೇ ತೂಕ ಜಾಸ್ತಿ ಕಾಣುತ್ತದೆ. ಆದರೆ 1935ರ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಎರಡನ್ನೂ ಬೆಸೆಯಿತು. ಕೇಂದ್ರ ಒಂದು ತೆರಿಗೆ ಹಾಕಿತು. ರಾಜ್ಯ ತನ್ನದೇ ಕಾನೂನು ಮಾಡಿಕೊಂಡರೆ ಅದರಲ್ಲಿ 90% ಮಾಫಿ. 1937ರ ಹೊತ್ತಿಗೆ ಎಲ್ಲ ರಾಜ್ಯಗಳೂ ಕಾನೂನು ಮಾಡಿದ್ದವು. ಮಾಲೀಕನಿಗೆ ದರ ಇಳಿಸಬೇಕಾದರೆ ಅವನು ಜನರನ್ನು ಎಷ್ಟು ತೆಗೆದಿದ್ದಾನೆ ಎಂಬ ಇತಿಹಾಸ ನೋಡಿಯೇ ಇಳಿಸಬೇಕು ಎಂಬ ಷರತ್ತೂ ಇತ್ತು. ಹಾಗಾಗಿ ದುಡ್ಡೆಲ್ಲ ರಾಜ್ಯದ ಒಂದೇ ನಿಧಿಗೆ ಹೋದರೂ ಲೆಕ್ಕ ಮಾತ್ರ ಮಾಲೀಕನ ಹೆಸರಿನಲ್ಲೇ ಉಳಿಯಿತು. ಇದಕ್ಕೆ ಎಕ್ಸ್‌ಪೀರಿಯನ್ಸ್ ರೇಟಿಂಗ್ ಎನ್ನುತ್ತಾರೆ.

ಈಗ ಕೇಂದ್ರದ ತೆರಿಗೆ ಪ್ರತಿ ನೌಕರನ ವರ್ಷದ ಮೊದಲ 7,000 ಡಾಲರ್ ಸಂಬಳದ ಮೇಲೆ 6%. ಆ 6%ನಲ್ಲಿ 5.4% ಮಾಫಿಯಾದರೆ ಉಳಿಯುವುದು 0.6%, ಅಂದರೆ 42 ಡಾಲರ್. ಹಳೇ ನೌಕರನ ಕ್ಲೇಮಿನಿಂದ ಏರುಪೇರಾಗುವುದು ರಾಜ್ಯದ ತೆರಿಗೆ. ಜಾಸ್ತಿ ರಾಜ್ಯಗಳಲ್ಲಿರುವ ಕ್ರಮ ಹೀಗೆ: ಕಂಪನಿ ಈವರೆಗೆ ಕಟ್ಟಿದ ತೆರಿಗೆಯಿಂದ, ಅದರ ಹಳೇ ನೌಕರರಿಗೆ ಕೊಟ್ಟ ಭತ್ಯೆಯನ್ನು ಕಳೆಯುತ್ತಾರೆ. ಉಳಿದದ್ದು ಅದರ ಸಂಬಳದ ಮೊತ್ತದ ಎಷ್ಟು ಪಾಲು ಅಂತ ನೋಡಿ ದರ ಕಟ್ಟುತ್ತಾರೆ.

ಹತ್ತು ಜನರ ಒಂದು ಅಂಗಡಿ ಅಂದುಕೊಳ್ಳಿ. ತೆರಿಗೆ ಬೀಳುವ ಸಂಬಳ ತಲಾ 7,000, ಒಟ್ಟು 70,000 ಡಾಲರ್. ತೆಗೆದ ಒಬ್ಬನಿಗೆ ವಾರಕ್ಕೆ 300ರಂತೆ 26 ವಾರ ಭತ್ಯೆ ಸಿಕ್ಕಿತು. 7,800 ಡಾಲರ್ ಅಂಗಡಿಯ ಲೆಕ್ಕದಿಂದ ಹೋಯಿತು. ದರ 2%ನಿಂದ 4%ಗೆ ಏರಿದರೆ ವರ್ಷಕ್ಕೆ 1,400 ಇದ್ದದ್ದು 2,800. ಒಂದೇ ಸಲ ಏಟು ಬೀಳುವುದಿಲ್ಲ, ವರ್ಷಗಟ್ಟಲೆ ಎಳೆಯುತ್ತದೆ. ಇನ್ನೊಂದು ತಮಾಷೆ ಇದೆ. ಭತ್ಯೆಯ ಲೆಕ್ಕ ಹಿಂದಿನ ಒಂದು ವರ್ಷದ ಸಂಬಳದ ಮೇಲೆ ನಿಲ್ಲುವುದರಿಂದ, ತೆಗೆದವನು ಒಬ್ಬನಾದರೂ ಅದಕ್ಕಿಂತ ಮುಂಚೆ ಕೆಲಸ ಕೊಟ್ಟವನ ಖಾತೆಗೂ ಪಾಲು ಬೀಳಬಹುದು.

ದರಕ್ಕೆ ಒಂದು ಮಿತಿ ಇದೆ. ಅದನ್ನು ಮುಟ್ಟಿದ ಕಂಪನಿಗೆ ಇನ್ನೂ ಹತ್ತು ಜನರನ್ನು ತೆಗೆದರೂ ಖರ್ಚು ಏರುವುದಿಲ್ಲ. ಹೀಗೆ ಪೂರ್ತಿ ಲೆಕ್ಕ ತೀರಿಸದೆ ಬಿಟ್ಟರೆ ತಾತ್ಕಾಲಿಕವಾಗಿ ಜನರನ್ನು ಕೆಲಸದಿಂದ ನಿಲ್ಲಿಸುವುದಕ್ಕೆ ಸರ್ಕಾರವೇ ಕುಮ್ಮಕ್ಕು ಕೊಟ್ಟಂತೆ ಎಂದು ಅರ್ಥಶಾಸ್ತ್ರಜ್ಞ ಮಾರ್ಟಿನ್ ಫೆಲ್ಡ್‌ಸ್ಟೀನ್ 1970ರ ದಶಕದಲ್ಲೇ ತೋರಿಸಿದ್ದರು. ಕಾಮನ್ಸ್ ಎಣಿಸದ ದಾರಿಯೂ ತೆರೆಯಿತು. ಕೆಲಸ ಉಳಿಸುವುದಕ್ಕಿಂತ ಕ್ಲೇಮು ತಳ್ಳಿಹಾಕಿಸುವುದು ಅಗ್ಗ. ಅವನೇ ಬಿಟ್ಟ, ಅಥವಾ ದುರ್ನಡತೆಗೆ ತೆಗೆದೆವು ಅಂತ ಸಾಬೀತಾದರೆ ಸಾಮಾನ್ಯವಾಗಿ ಭತ್ಯೆಯೂ ಇಲ್ಲ, ಖಾತೆಗೆ ಹೊರೆಯೂ ಇಲ್ಲ. ಇನ್ನು ಕೆಲವರು ಕಡಿಮೆ ದರವಿದ್ದ ಬೇರೆ ಕಂಪನಿ ಕೊಂಡು ನೌಕರರನ್ನೆಲ್ಲ ಅದರ ಹೆಸರಿಗೆ ಬರೆಸಿ ಬಿಲ್ಲು ತಪ್ಪಿಸಿಕೊಂಡರು. ಇದನ್ನು ತಡೆಯಲು 2004ರಲ್ಲಿ ಕೇಂದ್ರವೇ ಕಾನೂನು ತರಬೇಕಾಯಿತು. 2020ರ ಕೊರೊನಾ ಕಾಲದಲ್ಲಂತೂ ಎಷ್ಟೋ ರಾಜ್ಯಗಳು ಆ ಕ್ಲೇಮುಗಳನ್ನು ಮಾಲೀಕರ ಖಾತೆಗೆ ಹಾಕಲೇ ಇಲ್ಲ. ಹೆಚ್ಚುಕಡಿಮೆ ಓಹಿಯೋದವರು ಹೇಳಿದ್ದೇ ಆಯಿತು.

ನಮ್ಮಲ್ಲಿ ಕಾರ್ಮಿಕರ ವಿಮೆಯಾದ ಇಎಸ್ಐಗೆ ಮಾಲೀಕರು ಕಟ್ಟುವುದು ಸಂಬಳದ 3.25%. ಎಷ್ಟು ಜನರನ್ನು ತೆಗೆದರು ಅಂತ ಅಲ್ಲಿ ಯಾರೂ ನೋಡುವುದಿಲ್ಲ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವ ನಮ್ಮ ಹುಡುಗರ ಸಂಬಳದ ಮೇಲೂ ಕಂಪನಿ ನಿರುದ್ಯೋಗ ತೆರಿಗೆ ಕಟ್ಟುತ್ತದೆ. ಆದರೆ ಕೆಲಸ ಹೋದ ಮೇಲೆ ಅವರಿಗೆ ಭತ್ಯೆ ಸಿಗುವುದು ಕಷ್ಟ. ತಕ್ಕ ಕೆಲಸ ಸಿಕ್ಕರೆ ಸೇರಲು ತಯಾರಿರಬೇಕು ಎಂಬ ಷರತ್ತಿಗೆ ಒಂದೇ ಕಂಪನಿಗೆ ಕಟ್ಟಿದ ವೀಸಾ ಅಡ್ಡ ಬರುತ್ತದೆ. ಭತ್ಯೆ ಸಿಗದಿದ್ದರೆ ಕಂಪನಿಯ ಖಾತೆಗೂ ಏನೂ ಬೀಳುವುದಿಲ್ಲ.